ಪರಿಸರ ವಿಜ್ಞಾನ ಓದಿದವರಿಗೆ ತಾಲ್ಲೂಕಿಗೊಂದು ಹುದ್ದೆ ಇರಲಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಬೆನ್ನಿಗೇ ಬರುವ ವೃತ್ತಿ ಮಾರ್ಗದರ್ಶನದ ಬರಹಗಳಲ್ಲಿ ಈಚೆಗೆ ಪರಿಸರ ವಿಜ್ಞಾನಿಯ ಹೆಸರೂ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಜೊತೆಗೆ ಅಚ್ಚಾಗುವ ಚಿತ್ರದಲ್ಲಿ ಕೊರಳಿಗೆ ಕ್ಯಾಮೆರಾ, ಎದುರಿಗೆ ಹುಲಿ ಇರುತ್ತವೆ. ಸಸ್ಯವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು ಕಂಡಿರುವ ಕೆಲಸವೇ ಬೇರೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನಲ್ಲಿ ಅಧ್ಯಯನ ನಡೆಸುತ್ತಿದ್ದಾಗ ಒಂದು ದಿನ ಜೊತೆಗೆ ಹೋಗಿದ್ದೆ. ರಾಮಪತ್ರೆ ಜಡ್ಡಿಯ (ರಾಮಪತ್ರೆ ಜಾತಿಯ ಮರಗಳಿರುವ ಜೌಗು ಕಾಡಿನ) ಕೆಸರಿನಿಂದ ಮಡಚಿದ ಮಂಡಿಗಳಂತೆ ಮೇಲೆದ್ದ ಬೇರುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ಪ್ರತಿ ಮರಕ್ಕೂ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ, ಅಳತೆ ಬರೆದು, ಸಂಖ್ಯೆಯ ತಗಡು ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ನಲವತ್ತು ಮರವೂ ಮುಗಿದಿರಲಿಲ್ಲ. ಕಿತ್ತೆಸೆದ ಉಂಬಳಗಳ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಸಂಜೆ ಅದೇ ಅಂಕಿಗಳನ್ನು ಮುಂದಿಟ್ಟುಕೊಂಡು ಸಂಖ್ಯಾಶಾಸ್ತ್ರದೊಂದಿಗೆ ಗುದ್ದಾಟ. (ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಜೀವವಿಜ್ಞಾನ ಹಿಡಿಯುವ ಮಕ್ಕಳು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.) ಆ ಕಾನಿನ ಹೆಸರನ್ನೇ ಹೊತ್ತಿರುವ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಹೊಸದೆಂದು 2000ದಲ್ಲಿ ದಾಖಲಾದದ್ದು ಹೀಗೆ ಕೆಸರು ತುಳಿದವರಿಂದಲೇ.

ಓದುವುದಕ್ಕೆ ದಾರಿಗಳಿವೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ, ಎಲ್ಲವೂ ನಮ್ಮ ರಾಜ್ಯದಲ್ಲೇ ಇವೆ. ತೊಡಕಿರುವುದು ಓದು ಮುಗಿದ ಮೇಲೆ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ (ಜೆಆರ್‌ಎಫ್) ಆಯ್ಕೆಯಾದವರಿಗೆ ತಿಂಗಳಿಗೆ 37,000 ರೂಪಾಯಿಯೇನೋ ಸಿಗುತ್ತದೆ. ಅದು ಕೆಲ ವರ್ಷಗಳ ಮಾತು. ಯೋಜನೆಗಳ ಕೆಲಸವಂತೂ ಯೋಜನೆಯೊಂದಿಗೇ ಮುಗಿಯುತ್ತದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಅರ್ಹವಾದ ಪದವಿ ವಿಷಯಗಳ ಪಟ್ಟಿಯಲ್ಲಿ ಗಣಿತ, ಭೌತವಿಜ್ಞಾನ, ಎಂಜಿನಿಯರಿಂಗ್ ಎಲ್ಲ ಇದ್ದರೂ ಪರಿಸರ ವಿಜ್ಞಾನದ ಹೆಸರಿಲ್ಲವೆಂಬುದು ಎಷ್ಟೋ ಪೋಷಕರಿಗೆ ತಿಳಿದಿಲ್ಲ. ನಾನು ಹೇಳಿದ ವಿದ್ಯಾರ್ಥಿನಿ ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳನ್ನು ತಪ್ಪೆನ್ನುವ ಮನಸ್ಸು ನನಗಿಲ್ಲ.

ಹಾಗೆಂದು ಕೆಲಸವೇ ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರೊಂದಿಗೆ ಕುಳಿತು ಊರಿನ ಗಿಡಮರ, ತಳಿ, ಪ್ರಾಣಿಪಕ್ಷಿಗಳ ದಾಖಲೆ ಸಿದ್ಧಪಡಿಸಬೇಕು. ನಾನು ನೋಡಿದ ಅಂಥ ಒಂದು ದಾಖಲೆಯಲ್ಲಿ ಅಪ್ಪೆಮಿಡಿ ಮಾವಿನ ಒಂದು ತಳಿಯ ಹೆಸರೂ ಇರಲಿಲ್ಲ. ಉಪ್ಪಿನಕಾಯಿ ಹಾಕುವ ಯಾವ ಮನೆಯಲ್ಲಿ ವಿಚಾರಿಸಿದ್ದರೂ ನಾಲ್ಕು ಹೆಸರು ಸಿಗುತ್ತಿದ್ದವು. ಈ ದಾಖಲೆಗಳನ್ನು ತಿದ್ದಿ, ವರ್ಷವರ್ಷವೂ ಮುಂದುವರಿಸುವುದಕ್ಕೆ ತಾಲ್ಲೂಕಿಗೊಬ್ಬರಂತೆ, ಈ ಶಾಸ್ತ್ರವನ್ನೇ ಓದಿದವರನ್ನು ಕಾಯಂ ಆಗಿ ನೇಮಿಸಲು ರಾಜ್ಯ ಸರ್ಕಾರ ಹುದ್ದೆ ಮಂಜೂರು ಮಾಡಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಸಸ್ಯವಿಜ್ಞಾನ ಅಧ್ಯಾಪಕ, ಉತ್ತರ ಕನ್ನಡ