ಅಳಿಯ ಎಂದು ಬರೆದು ಹೊಡೆದ ಜಾಗ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಮಾತು ಮುಗಿಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ. ನಿನಗೆ ಬಿಡುವ ದುಡ್ಡಿನ ಬಡ್ಡಿ ಮಾತ್ರ ನಿನ್ನ ಕೈಗೆ, ಅಸಲು ಅಲ್ಲ ಎಂದು 4ನೇ ಕಲಮಿನಲ್ಲಿ ಬರೆದ ನನ್ನ ಉಯಿಲಿನ ಕರಡನ್ನು ನಾನು ನಿನಗೆ ಕಳಿಸಿದ್ದು ತಪ್ಪಲ್ಲ. ಒಂದು ಮಾತೂ ಹೇಳದೆ ಕಳಿಸಿದ್ದು ತಪ್ಪು. ಮದುವೆ ಹೊತ್ತಿನ ಮಾತುಗಳು ಇಲ್ಲಿ ಬೇಡ, ಇಬ್ಬರಿಗೂ ಗೊತ್ತು.

"ಅಳಿಯನ ಮೇಲೆ ಇಷ್ಟೊಂದು ಅನುಮಾನವಾ?" ಎಂದೆಯಲ್ಲ, ನೀನೇ ಲಂಡನ್ನಿನಿಂದ ಕಳಿಸಿದ ಷೇಕ್ಸ್‌ಪಿಯರನ ಉಯಿಲಿನ ಚಿತ್ರ ತೆಗೆದು ನೋಡು. (ಆ ಕಾಲದ ಕೈಬರಹವನ್ನು ನನ್ನ ಮಗಳು ಸರಾಗವಾಗಿ ಓದುತ್ತಾಳೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೇನೆ.) ಮೂರು ಹಾಳೆ. ಮೇಲೆ 'ಜನವರಿ' ಹೊಡೆದು 'ಮಾರ್ಚ್' ಮಾಡಿದ್ದಾರೆ: 1616ರ ಮಾರ್ಚ್ 25. ನಡುವೆ, ಫೆಬ್ರವರಿ 10ರಂದು, ಕಿರಿಮಗಳು ಜುಡಿತ್ ಥಾಮಸ್ ಕ್ವೈನಿಯನ್ನು ಮದುವೆಯಾಗಿದ್ದಳು. ಮಾರ್ಚ್ 15ರಂದು ಮಾರ್ಗರೆಟ್ ವೀಲರ್ ಎಂಬಾಕೆಯನ್ನು ಮಗುವಿನ ಸಮೇತ ಮಣ್ಣು ಮಾಡಿದರು. ಅವಳೊಡನೆ ಸಂಬಂಧವಿತ್ತೆಂದು ಕ್ವೈನಿ ಚರ್ಚಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಮಾರ್ಚ್ 26ಕ್ಕೆ, ಉಯಿಲಿನ ಮರುದಿನ.

ಮೊದಲ ಹಾಳೆಯಲ್ಲಿ 'ನನ್ನ ಅಳಿಯ' ಎಂದು ಬರೆಯಹೊರಟ ಲೇಖನಿ ಪದ ಪೂರ್ತಿಯಾಗುವ ಮೊದಲೇ ನಿಂತಿದೆ. ಅದನ್ನು ಹೊಡೆದು 'ಮಗಳು ಜುಡಿತ್' ಎಂದು ಬರೆದಿದ್ದಾರೆ. ನಾನು ಆ ಗೀಟನ್ನೇ ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ.

ಹೆಸರು ಬದಲಿಸಿದರೆ ಸಾಲದು. ಅಂದಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಕೈಗೆ ಬಂದ ನಗದು, ಪಾತ್ರೆಪಗಡಿ ಎಲ್ಲ ಗಂಡನದೇ. ಅವನು ಒಪ್ಪದೆ ಅವಳು ಉಯಿಲು ಕೂಡ ಬರೆಯುವಂತಿಲ್ಲ. ಹಾಗಾಗಿ ಒಕ್ಕಣೆ ಬಿಗಿಯಾಗಿದೆ. ಮದುವೆಯ ಪಾಲಾಗಿ 100 ಪೌಂಡ್, ವರ್ಷದೊಳಗೆ. ತಡವಾದರೆ ಪೌಂಡಿಗೆ 2 ಷಿಲಿಂಗ್, ಅಂದರೆ ನೂರಕ್ಕೆ ಹತ್ತರ ಬಡ್ಡಿ. ಚಾಪೆಲ್ ಲೇನಿನ ಮನೆಯ ಮೇಲಿನ ಹಕ್ಕನ್ನು ಅಕ್ಕ ಸುಸಾನಾಗೆ ಬಿಟ್ಟುಕೊಟ್ಟರೆ ಇನ್ನೂ 50. ಮೂರು ವರ್ಷ ಕಳೆದ ಮೇಲೆ ಅವಳೋ ಅವಳ ಮಕ್ಕಳೋ ಬದುಕಿದ್ದರೆ ಮತ್ತೆ 150. ಆದರೆ ಗಂಡನಿರುವ ತನಕ ಆ 150ರ ಅಸಲು ಅವಳ ಕೈಗೆ ಬಾರದು. ಉಯಿಲು ಜಾರಿ ಮಾಡುವವರೇ ಇಟ್ಟುಕೊಂಡು ವರ್ಷ ವರ್ಷ ಬಡ್ಡಿ ಕೊಡಬೇಕು. ಗಂಡನಿಗೆ ಅಸಲು ಬೇಕೇ? ಅಷ್ಟೇ ಬೆಲೆಯ ಜಮೀನನ್ನು ಮೊದಲು ಹೆಂಡತಿ ಮಕ್ಕಳ ಹೆಸರಿಗೆ ಬರೆದುಕೊಡಬೇಕು.

ಕ್ವೈನಿಯ ಹಗರಣವೇ ಕಾರಣ ಎಂದು ಎಲ್ಲೂ ಬರೆದಿಲ್ಲ. ನೋಡು, ಮತ್ತೆ ಅಲ್ಲಿಗೇ ಬಂದೆ.

ಇಷ್ಟು ಬಿಗಿ ಮಾಡಿದವನು ಚಿನ್ನದ ಮುಲಾಮಿನ ಅಗಲವಾದ ಬೆಳ್ಳಿ ಬಟ್ಟಲನ್ನು ಮಾತ್ರ ಯಾವ ಷರತ್ತೂ ಇಲ್ಲದೆ ಜುಡಿತ್‌ಗೆ ಕೊಟ್ಟ. ಉಳಿದ ಬೆಳ್ಳಿಯೆಲ್ಲ ಮೊಮ್ಮಗಳು ಎಲಿಜಬೆತ್‌ಗೆ.

ಉಪದೇಶ ಬೇಡವೆಂದುಕೊಂಡಿದ್ದೆ, ಆದರೂ ಕೇಳು. ನಾಳೆ ನೀನೂ ಒಂದು ಬರೆಯುತ್ತೀಯ. ಪ್ರತಿ ಹಾಳೆಗೂ ಸಹಿ ಹಾಕು, ಅವನು ಮೂರಕ್ಕೂ ಹಾಕಿದ್ದಾನೆ. ಸಾಲುಗಳ ನಡುವೆ ತುರುಕಬೇಡ. ಹೆಂಡತಿಗೆ ಎರಡನೇ ದರ್ಜೆಯ ಮಂಚ ಎಂಬ ಸಾಲನ್ನು ಹಾಗೆ ತುರುಕಿದ್ದಕ್ಕೇ ಇಂದಿಗೂ ಮುಗಿಯದ ಹರಟೆ. ಗಂಡನ ಭೂಮಿಯಲ್ಲಿ ಮೂರನೇ ಒಂದು ಪಾಲು ಜೀವಮಾನವಿಡೀ ವಿಧವೆಗೆ ಎಂಬ ಕಾನೂನು ಆಗಲೇ ಇತ್ತು, ಅದನ್ನು ಯಾರೂ ನೆನೆಯುವುದಿಲ್ಲ. ಖಾಲಿ ಜಾಗ ಬಿಡಬೇಡ. ತಂಗಿ ಜೋನ್‌ಳ ಮೂವರು ಗಂಡುಮಕ್ಕಳಿಗೆ ತಲಾ 5 ಪೌಂಡ್ ಬರೆದು, ಒಬ್ಬನ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಸೋದರಮಾವನಿಗೆ ಹೆಸರೇ ನೆನಪಾಗಲಿಲ್ಲವೇನೋ!

ನಿನ್ನ ಗಂಡ ಕ್ವೈನಿಯಲ್ಲ. ಇವತ್ತು ನಿನ್ನ ಹೆಸರಿನ ದುಡ್ಡು ನಿನ್ನದೇ, ಅದೂ ಗೊತ್ತು. ಗೊತ್ತಿದ್ದೂ ಬಡ್ಡಿ ಮಾತ್ರ ನಿನಗೆ ಎಂದು ಬರೆದದ್ದು ನನ್ನ ಪುಕ್ಕಲುತನ. 4ನೇ ಕಲಮು ಪೂರ್ತಿ ಹೊಡೆದಿದ್ದೇನೆ. ಹೊಸದಾಗಿ ಟೈಪ್ ಮಾಡಿಸುವ ಮುಂಚೆ ನೀನು ಒಮ್ಮೆ ಫೋನ್ ಮಾಡು. ಈ ಕಾಗದ ಅಳಿಯಂದಿರಿಗೂ ತೋರಿಸು... ಬೇಡ, ತೋರಿಸಬೇಡ.

ನಿನ್ನ ಅಪ್ಪ