ಬೋರ್ಡ್ ಬರೆಯುವ ಅಪ್ಪ ಮಗಳಿಗೆ ಬರೆದದ್ದು

ಸಾಗರ, ಭಾನುವಾರ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ‘ಅಪ್ಪ, ಸೋಮವಾರ ಆನ್‌ಬೋರ್ಡಿಂಗ್’ ಅಂದಾಗ ನಿನ್ನಮ್ಮ ಪಕ್ಕದಲ್ಲಿ ನಿಂತು ‘ವಿಮಾನ ಹತ್ತುತ್ತಾಳಂತಾ?’ ಎಂದು ಕೈಸನ್ನೆಯಲ್ಲೇ ಕೇಳಿದಳು. ಕೆಲಸಕ್ಕೆ ಸೇರಿಸಿಕೊಳ್ಳುವುದಕ್ಕೆ ಹಾಗಂತಾರೆ ಅಂತ ನೀನು ನಕ್ಕೆ. 35 ವರ್ಷ ಬೋರ್ಡ್ ಬರೆದು ಅನ್ನ ತಿಂದವನಿಗೆ ಇದೊಂದು ಬೋರ್ಡ್ ಗೊತ್ತಿರಲಿಲ್ಲ ನೋಡು. ಗುಡಿಗಾರರು ಗಂಧದ ಕೊರಡಿನಲ್ಲಿ ಆನೆ ಕೆತ್ತುವ ಊರಲ್ಲಿ ತಗಡಿನ ಮೇಲೆ ಅಕ್ಷರ ಬರೆದು ಬದುಕಿದವನು ನಾನು. ಮಳೆಗೆ ಪೇಂಟ್ ಒಣಗುವುದಿಲ್ಲ, ಕೈಯಲ್ಲಿ ಕೆಲಸವಿಲ್ಲ. ಡಿಕ್ಷನರಿ ಹಿಡಿದು ಕೂತೆ.

ಮೂಲದಲ್ಲಿ ಅದು ಬರೀ ಹಲಗೆ. ಕಾಲು ಕೊಟ್ಟರೆ ಊಟದ ಮೇಜು. ಮೇಜಿನ ಹೆಸರು ಅದರ ಮೇಲಿನ ಊಟಕ್ಕೂ ಅಂಟಿಕೊಂಡಿತು. ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿಗೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಮೂರು ಸಲ ಬರೆದುಕೊಟ್ಟಿದ್ದೇನೆ. ಬೋರ್ಡಿಂಗ್ ಅಂದರೆ ಊಟ ಅಂತ ಗೊತ್ತಾದದ್ದು ಈಗ. ಅಲ್ಲಿ ಊಟ ಕೊಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು, ನಾನು ಮಾತ್ರ ಬರೆಯುತ್ತಲೇ ಬಂದೆ.

ಅದೇ ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರೂ ಬೋರ್ಡ್ ಆದರು. ಕಾಫಿ ಬೋರ್ಡ್, ಹೌಸಿಂಗ್ ಬೋರ್ಡ್, ನಿನ್ನನ್ನು ಹತ್ತನೇ ಕ್ಲಾಸಲ್ಲಿ ಅಳಿಸಿದ ಪರೀಕ್ಷಾ ಬೋರ್ಡ್, ಎಲ್ಲಾ ಆ ಹಲಗೆಯ ಸಂತಾನವೇ. ಕರೆಂಟಿನದೂ ಹಾಗೆ. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಅಂತ ಹುಟ್ಟಿ, ಆಮೇಲೆ ಕೆಇಬಿ ಆಗಿ, 2002ರಲ್ಲಿ ನಮ್ಮ ಕಡೆಗೆ ಮೆಸ್ಕಾಂ ಬಂತು. ಆದರೂ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ನಿನ್ನಮ್ಮ ಈಗಲೂ ‘ಕೆಇಬಿಗೆ ಫೋನ್ ಮಾಡ್ರೀ’ ಅನ್ನುತ್ತಾಳೆ. ಬೋರ್ಡೇ ಹೋದರೂ ಆ ‘ಬಿ’ ಅವಳ ಬಾಯಿಂದ ಹೋಗಿಲ್ಲ.

ನಿನ್ನ ಆನ್‌ಬೋರ್ಡಿಂಗ್ ಬಂದದ್ದು ಹಡಗಿನಿಂದ. ಹಡಗಿನ ಪಕ್ಕೆಗೂ ಬೋರ್ಡ್ ಅನ್ನುತ್ತಿದ್ದರಂತೆ. ಅದನ್ನು ದಾಟಿ ಒಳಗೆ ಬಂದವನು ಆನ್ ಬೋರ್ಡ್. ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಲಿಡಲು ಹೆದರಿ ನನ್ನ ಪಂಚೆ ಹಿಡಿದುಕೊಂಡಿದ್ದೆಯಲ್ಲ, ನಿನ್ನ ಮೊದಲ ಆನ್‌ಬೋರ್ಡಿಂಗ್ ಅದೇ! 2025ರಲ್ಲಿ ಅಲ್ಲಿ ಸೇತುವೆ ಆಯಿತು, ಈಗ ಬಸ್ಸು ನೀರಿನ ಮೇಲೇ ಹೋಗಿಬಿಡುತ್ತದೆ.

ಕಬರ್ಡ್ ಕಥೆ ನಿನಗೆ ಹೇಳಿಲ್ಲ. ಒಂದು ಪೀಠೋಪಕರಣದ ಅಂಗಡಿಗೆ ‘ಕಪ್‌ಬೋರ್ಡ್’ ಎಂದು ಬರೆದಿದ್ದೆ. ಇಂಗ್ಲಿಷ್ ಮೇಷ್ಟ್ರು ಸೈಕಲ್ ನಿಲ್ಲಿಸಿ, ‘ಮಾರಾಯಾ, ಆ ಪಕಾರ ಸುಮ್ಮನೆ ಕೂತಿರುತ್ತದೆ, ಮಾತಾಡುವುದಿಲ್ಲ’ ಎಂದರು. ಅಳಿಸಿ ‘ಕಬರ್ಡ್’ ಮಾಡಿದೆ, ಒಂದು ದಿನದ ಕೂಲಿ ಹೋಯಿತು. ಈಗ ನೋಡಿದರೆ ಅದು ಮೊದಲಿಗೆ ಕಪ್ಪುಗಳನ್ನು ಜೋಡಿಸಿಡುವ ಹಲಗೆಯೇ, ಬಾಗಿಲೂ ಇರಲಿಲ್ಲವಂತೆ. ಹಾಗಾದರೆ ನನ್ನದು ಅಂಥಾ ತಪ್ಪೇನಲ್ಲ. ಮೇಷ್ಟ್ರು ಸಿಕ್ಕಿದಾಗ ಹೇಳಬೇಕು.

ಇನ್ನೊಂದು, ಅಬವ್ ಬೋರ್ಡ್. ಇಸ್ಪೀಟಾಡುವವನು ಕೈಯನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದರೆ ಮೋಸವಿಲ್ಲ ಅಂತ ಅರ್ಥ. ಜಗಲಿಯಲ್ಲಿ ಕಂಬಳಿ ಹಾಸಿ ಆಡುವ ನಮ್ಮವರಿಗೆ ಮೇಜೆಲ್ಲಿಯದು? ನಿನ್ನ ದೊಡ್ಡಪ್ಪ ಎಲೆ ಮುಚ್ಚಿಡುತ್ತಿದ್ದದ್ದು ಮೊಣಕಾಲಿನ ಕೆಳಗೆ.

ಇದನ್ನೆಲ್ಲ ಓದುತ್ತಾ ನನಗೆ ಹೊಳೆದದ್ದು ನಮ್ಮ ಮಣೆ. ಅವರು ಹಲಗೆಯ ಮೇಲೆ ತಟ್ಟೆ ಇಟ್ಟರು, ನಾವು ಹಲಗೆಯ ಮೇಲೆ ಕೂತು ಎಲೆಯನ್ನು ನೆಲಕ್ಕೆ ಹಾಕಿದೆವು. ಅದಕ್ಕೇ ಅವರಲ್ಲಿ ಊಟವೇ ಬೋರ್ಡ್ ಆಯಿತು, ನಮ್ಮಲ್ಲಿ ಮರ್ಯಾದೆ ಕೊಡುವುದೇ ಮಣೆ ಹಾಕುವುದಾಯಿತು. ಈಳಿಗೆಮಣೆ, ಚಪಾತಿ ಮಣೆ, ಶ್ಯಾವಿಗೆ ಮಣೆ, ಅಜ್ಜಿಯ ಚನ್ನೆಮಣೆ ಎಲ್ಲವೂ ಒಳಮನೆಯಲ್ಲೇ ಉಳಿದವು. ಹಸೆಮಣೆ ಒಂದೇ ಚಪ್ಪರದವರೆಗೆ ಬಂತು. (ಆ ಮಾತನ್ನು ನಾನು ಎತ್ತುತ್ತಿಲ್ಲ, ನಿನ್ನಮ್ಮ ಹೇಳಿ ಬರೆಸಿದಳು ಎಂದುಕೊಳ್ಳಬೇಡ.) ಇಂಗ್ಲಿಷಿನ ಹಲಗೆ ಮಾತ್ರ ಅಡುಗೆಮನೆಯಿಂದ ಹೊರಟು ಹಡಗು, ಶಾಲೆ, ಕಚೇರಿ ಎಲ್ಲ ಸುತ್ತಿ, ನಮ್ಮ ಬಸ್ಸಿನ ಹಣೆಯ ಮೇಲೂ ಕೂತಿತು.

ಅಂದಹಾಗೆ, ನೀವೆಲ್ಲ ‘ಯೆಲ್ಲೋ ಬೋರ್ಡ್ ಗಾಡಿ’ ಅನ್ನುತ್ತೀರಲ್ಲ, ಇಂಗ್ಲಿಷಿನವರಿಗೆ ಅದು ಪ್ಲೇಟು. ಅದೊಂದು ನಮ್ಮದೇ ಬೋರ್ಡು.

ಕೆಲಸ ಮತ್ತೆ ಸ್ವಲ್ಪ ಬರುತ್ತಿದೆ. ಹೆಸರಿನ ಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಆದಮೇಲೆ ಇಬ್ಬರು ಅಂಗಡಿಯವರು ಕರೆದರು. ಉಳಿದವರು ಫ್ಲೆಕ್ಸ್ ಹಾಕಿಸಿದರು.

ರೂಮಿನಲ್ಲಿ ಚಾಪಿಂಗ್ ಬೋರ್ಡ್ ಇದೆ ಅಂದರೂ ಅಮ್ಮ ಕೇಳುವುದಿಲ್ಲ, ಶನಿವಾರದ ರಾತ್ರಿ ಬಸ್ಸಿಗೆ ಈಳಿಗೆಮಣೆ ಕಳಿಸುತ್ತಾಳಂತೆ. ಅಲಗಿಗೆ ಬಟ್ಟೆ ಸುತ್ತಿ ಹಗ್ಗ ಬಿಗಿದಿದ್ದೇನೆ, ಬಿಚ್ಚುವಾಗ ನಿಧಾನ. ಕಬರ್ಡಿನ ಮೇಲೆ ಮಾತ್ರ ಇಡಬೇಡ.

ನಿನ್ನ
ಅಪ್ಪ