ಲ್ಯಾಂಬ್ ರೋಸ್ಟ್ ಜೊತೆಗೆ ಯಾವ ವೈನ್? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಈಸ್ಟರ್ ಭಾನುವಾರ ಆಫೀಸಿನವರನ್ನು ಊಟಕ್ಕೆ ಕರೆದಿದ್ದೀಯ, ಅದೂ ಲ್ಯಾಂಬ್ ರೋಸ್ಟ್ ಮಾಡ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ಇಂಗ್ಲೆಂಡಿಗೆ ಬಂದ ಮೊದಲ ವರ್ಷವೇ ಇಷ್ಟು ಧೈರ್ಯ ಮಾಡಿದ್ದೀಯಲ್ಲ, ಭೇಷ್! ಜೇಬಿಗೆ ಭಾರವಾಗದ ರೆಡ್ ವೈನ್ ಯಾವುದು ಅಂತ ಕೇಳಿದ್ದೀಯ. ಕಣ್ಣು ಮುಚ್ಚಿಕೊಂಡು ಸ್ಪೇನಿನ ರಿಯೋಹಾ ಸೀಮೆಯ ವೈನ್ ತಗೋ. ಆ ಸೀಮೆಯವರು ದ್ರಾಕ್ಷಿ ಬಳ್ಳಿಯ ಒಣಕಡ್ಡಿ ಉರಿಸಿ, ಅದರ ಕೆಂಡದ ಮೇಲೆ ಎಳೆ ಕುರಿಯ ಚಾಪ್ಸ್ ಸುಟ್ಟು ತಿನ್ನುತ್ತಾರೆ. ಅವರ ವೈನಿಗೂ ಈ ಮಾಂಸಕ್ಕೂ ಹಳೇ ನಂಟು.

ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಹಿಂಬದಿ ನೋಡು. ಸಣ್ಣದೊಂದು ಮುದ್ರೆಯ ಚೀಟಿ ಇರುತ್ತದೆ. ಹಸಿರು ಚೀಟಿಯದಕ್ಕೆ ಇಷ್ಟು ವರ್ಷ ಮಾಗಿರಬೇಕು ಅಂತ ಕಟ್ಟುಪಾಡಿಲ್ಲ. ಕೆಂಪು ಇದ್ದರೆ ಕ್ರಿಯಾನ್ಸಾ: ಕನಿಷ್ಠ 2 ವರ್ಷ ಮಾಗಿದ್ದು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ಕಡುಗೆಂಪು ಇದ್ದರೆ ರೆಸೆರ್ವಾ, 3 ವರ್ಷ. ನೀಲಿ ಗ್ರಾನ್ ರೆಸೆರ್ವಾ. ಅದು ದುಬಾರಿ, ಈ ಸಲ ಬೇಡ. ವೈನ್ ಮಾಗಲಿ ಅಂತ ಕಾಯುವ ಕೆಲಸವನ್ನೆಲ್ಲ ವೈನ್ ತಯಾರಿಸುವವರೇ ಮಾಡಿ ಮುಗಿಸಿರುತ್ತಾರೆ. ನೀನು ತಂದ ದಿನವೇ ತೆರೆಯಬಹುದು. ನನಗೆ ರಿಯೋಹಾ ಇಷ್ಟವಾಗುವುದು ಇದಕ್ಕೇ.

ದುಡ್ಡಿನ ವಿಷಯದಲ್ಲಿ ಒಂದು ಮಾತು ಕೇಳು. ತೀರಾ ಅಗ್ಗದ್ದು ತರಬೇಡ. ಇಲ್ಲಿ ಒಂದು ಬಾಟಲಿ ಮೇಲೆ ಸುಮಾರು 3 ಪೌಂಡ್ ಸುಂಕ ಬೀಳುತ್ತದೆ. ವೈನ್ ಒಳ್ಳೆಯದೋ ಕೆಟ್ಟದ್ದೋ, ಸುಂಕಕ್ಕೆ ಅದು ಬೇಕಿಲ್ಲ. ಅದರ ಮೇಲೆ 20% ವ್ಯಾಟ್ ಬೇರೆ. 6 ಪೌಂಡಿನ ಬಾಟಲಿಯಲ್ಲಿ ಸರ್ಕಾರದ ಪಾಲು ಹೋಗಿ ಉಳಿಯುವುದು 2 ಪೌಂಡ್. ಗಾಜು, ಸಾಗಣೆ, ಅಂಗಡಿಯವನ ಲಾಭ ಎಲ್ಲ ಅದರಲ್ಲೇ ಆಗಬೇಕು. ಒಳಗಿನ ವೈನಿಗೆ ಏನು ಉಳಿಯುತ್ತೆ ಹೇಳು? 9 ಪೌಂಡ್ ಕೊಟ್ಟರೆ ನಾಲ್ಕೂವರೆ ಉಳಿಯುತ್ತದೆ. ಕೊಡುವುದು ಒಂದೂವರೆ ಪಟ್ಟು, ಉಳಿಯುವುದು ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಎಂಟರಿಂದ ಹತ್ತು ಪೌಂಡಿನ ಒಳಗೆ ಹುಡುಕು.

ಇನ್ನು ಅಡುಗೆ. ನಿನ್ನ ಕೈ ನನಗೆ ಗೊತ್ತಲ್ವಾ, ಹಸಿಮೆಣಸಿನಕಾಯಿ ಅರೆದು ಹಚ್ಚದೆ ಬಿಡುವವನಲ್ಲ. ರೆಡ್ ವೈನಿನಲ್ಲಿ ಒಂದು ಒಗರು ಇರುತ್ತದೆ. ಮಾಂಸ, ಕೊಬ್ಬು, ಉಪ್ಪು ಸೇರಿದಾಗ ಆ ಒಗರು ತಗ್ಗಿ ಬಾಯಿಗೆ ಹಿತವಾಗುತ್ತದೆ. ಆದರೆ ಖಾರ ಸಿಕ್ಕಿತೋ, ಒಗರೂ ಉರಿಯೂ ಎರಡೂ ಏರುತ್ತವೆ. ಬೆಳ್ಳುಳ್ಳಿ, ರೋಸ್‌ಮೆರಿ ಸೊಪ್ಪು, ಕಾಳುಮೆಣಸು ಹಚ್ಚಿ ಒಲೆಗಿಟ್ಟರೆ ರಿಯೋಹಾಗೆ ಹೇಳಿ ಮಾಡಿಸಿದ ಜೋಡಿ. ಮಸಾಲೆ ಹಾಕಲೇಬೇಕು ಅಂತಿದ್ದರೆ, ಸ್ಪೇನಿನದೇ ಗಾರ್ನಾಚಾ ದ್ರಾಕ್ಷಿಯ ರೆಡ್ ವೈನ್ ತಗೋ. ಕಲತಾಯೂದ್ ಕಡೆಯದ್ದು ಸಿಕ್ಕರೆ ಒಳ್ಳೆಯದು. ಒಗರು ಕಡಿಮೆ, ಹಣ್ಣಿನ ರುಚಿ ಜಾಸ್ತಿ, ಬೆಲೆಯೂ ಕಮ್ಮಿ. ಮಾಂಸದ ಒಳಗೆ ಗುಲಾಬಿ ಬಣ್ಣ ಉಳಿಯುವ ಹಾಗೆ ಬೇಯಿಸುತ್ತೀಯಾದರೆ ಚಿಲಿಯ ಕ್ಯಾಬರ್ನೆ ಸೊವಿನ್ಯೋನ್ ಅನ್ನೋ ರೆಡ್ ವೈನ್ ಕೂಡ ಚೆನ್ನಾಗಿರುತ್ತದೆ. ಎಲುಬು ಬಿಡುವ ತನಕ ನಿಧಾನವಾಗಿ ಬೇಯಿಸಿದ್ದಕ್ಕೆ ಮಾತ್ರ ಮಾಗಿದ ರಿಯೋಹಾನೇ ಬೇಕು.

ಇಲ್ಲಿನವರು ಪುದೀನಾ ಸಾಸ್ ಕೇಳಿಯೇ ಕೇಳುತ್ತಾರೆ. ಅದರಲ್ಲಿ ವಿನೆಗರ್, ಸಕ್ಕರೆ ಎರಡೂ ಇರುತ್ತವೆ. ವೈನಿನ ರುಚಿಯನ್ನೇ ಕೆಡಿಸುತ್ತದೆ. ಮಾಂಸದ ಮೇಲೆ ಸುರಿಯದೆ ಬಟ್ಟಲಲ್ಲಿ ಪಕ್ಕಕ್ಕಿಡು, ಬೇಕಾದವರು ಹಾಕಿಕೊಳ್ಳಲಿ.

ನಿಮ್ಮ ಮನೆಯಲ್ಲಿ ಹೀಟರ್ ಹಾಕಿದ್ದರೆ ಬಾಟಲಿ ಬೆಚ್ಚಗಾಗಿರುತ್ತದೆ. ಬಡಿಸುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡು, ಸಾಕು. ಒಂದು ಬಾಟಲಿಯಲ್ಲಿ ಐದು ಗ್ಲಾಸ್ ಬರುತ್ತದೆ. ಆರು ಜನಕ್ಕೆ ಮೂರು ಬಾಟಲಿ ತಂದಿಡು. ಕಾರು ಓಡಿಸಿಕೊಂಡು ಬರುವವರಿಗೆ ದಾಳಿಂಬೆ ಜ್ಯೂಸ್ ಮರೆಯಬೇಡ.

ಇಂತಿ ನಿನ್ನ ಗೆಳೆಯ